ಎಸ್‌ಆರ್-22 ಕೇಳಿದ್ದಾರೆ, ಮುಂದೇನು?

ಸ್ಯಾನ್ ಹೋಸೆಯಿಂದ ಬರೆದವರಿಗೆ: ಕುಡಿದು ಕಾರು ಓಡಿಸಿದ್ದಕ್ಕೆ ಮೋಟಾರು ವಾಹನ ಇಲಾಖೆ (ಡಿಎಂವಿ) ಕೇಳುತ್ತಿರುವ ಎಸ್‌ಆರ್-22 ಬೇರೆ ಪಾಲಿಸಿಯೇನಲ್ಲ. ನಿಮಗೆ ವಿಮೆ ಇದೆ ಎಂದು ಕಂಪನಿ ಡಿಎಂವಿಗೆ ಸಲ್ಲಿಸುವ ಖಾತರಿಪತ್ರ, ಅಷ್ಟೇ. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ 3 ವರ್ಷ ಬೇಕು. ಅದರ ಶುಲ್ಕ ಅಲ್ಪ. ಜೇಬು ಸುಡುವುದು ಪ್ರೀಮಿಯಂ. ‘ಗುಡ್ ಡ್ರೈವರ್’ ರಿಯಾಯಿತಿಯಂತೂ 10 ವರ್ಷ ಕೈತಪ್ಪಿತು.

ಈಗಿನ ಕಂಪನಿ ಕೈಬಿಟ್ಟರೆ ಗಾಬರಿ ಬೇಡ, ನಾಲ್ಕು ಕಡೆ ದರ ವಿಚಾರಿಸಿ. ಯಾರೂ ಒಪ್ಪದಿದ್ದರೆ ರಾಜ್ಯದ ಅಸೈನ್ಡ್ ರಿಸ್ಕ್ ಪ್ಲಾನ್ ಇದೆ. ಕಾರು ಮಾರಿಬಿಟ್ಟರೆ ಸಾಕಲ್ಲವೇ ಎಂದು ಕೇಳಿದ್ದೀರಿ. ಸಾಲದು. ಲೈಸೆನ್ಸ್ ವಾಪಸು ಬೇಕೆಂದರೆ ‘ನಾನ್-ಓನರ್’ ಪಾಲಿಸಿ ಮಾಡಿಸಿ ಎಸ್‌ಆರ್-22 ಕೊಡಲೇಬೇಕು.

ಕಂತು ತಪ್ಪಿ ಪಾಲಿಸಿ ರದ್ದಾಯಿತೋ, ಕಂಪನಿಯೇ ಡಿಎಂವಿಗೆ ತಿಳಿಸುತ್ತದೆ. ಲೈಸೆನ್ಸ್ ಮತ್ತೆ ಅಮಾನತು. ಆಟೊ-ಪೇ ಹಾಕಿಬಿಡಿ.

ದುಡ್ಡು ಉಳಿಸಲು ಕನಿಷ್ಠ ವಿಮೆಗೇ ನಿಲ್ಲಬೇಡಿ. 2025ರಿಂದ ಆ ಮಿತಿ ಒಬ್ಬರ ಗಾಯಕ್ಕೆ 30,000 ಡಾಲರ್, ಒಂದು ಅಪಘಾತದ ಒಟ್ಟು ಗಾಯಗಳಿಗೆ 60,000, ಆಸ್ತಿಗೆ 15,000. ಮುಂದೆ ಹೋಗುತ್ತಿರುವ ಹೊಸ ಕಾರಿಗೆ ಜೋರಾಗಿ ಗುದ್ದಿದರೆ ಆ ಹದಿನೈದು ಸಾವಿರ ಎಲ್ಲಿಗೆ ಸಾಕು, ಹೇಳಿ?

ಎಚ್-1ಬಿ ಎಂದಿದ್ದೀರಿ. ಹಾಗಾದರೆ ಊರಿಗೆ ಟಿಕೆಟ್ ಮಾಡಿಸುವ ಮುನ್ನ ವಲಸೆ ವಕೀಲರನ್ನು ಕಾಣಿ. ಕುಡಿದು ಓಡಿಸಿ ಬಂಧನವಾದರೆ ಅಷ್ಟಕ್ಕೇ ವೀಸಾ ರದ್ದಾಗುವುದುಂಟು.