ನಾಮಪತ್ರಕ್ಕೆ ವಾಯಿದೆ ಸಿಗುವುದಿಲ್ಲ

ಫ್ಲ್ಯಾಟ್ ಕೊಡದೆ ಸತಾಯಿಸಿದ ಬಿಲ್ಡರ್‌ಗಳು, ಕ್ಲೇಮು ತಿರಸ್ಕರಿಸಿದ ವಿಮಾ ಕಂಪನಿಗಳು, ಕಟ್ಟಿಸಿಕೊಂಡ ಶುಲ್ಕ ಹಿಂದಿರುಗಿಸದ ಕೋಚಿಂಗ್ ಸೆಂಟರ್‌ಗಳು. ಇವರೆದುರು ಗ್ರಾಹಕರ ಪರ ವರ್ಷಗಟ್ಟಲೆ ವಾದಿಸಿದ ವಕೀಲರು, ಜೊತೆಗೆ ಮಕ್ಕಳ ಶಾಲೆ, ಬಸ್ಸು, ಫೀಸಿನ ಕಷ್ಟವನ್ನು ಮನೆಯಲ್ಲೇ ಕಂಡ ತಂದೆ ತಾಯಂದಿರು ವಿಧಾನಸಭೆಗೆ ಹೋಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಇಂಥವರಲ್ಲಿ ಕೆಲವರು ಮತದಾರರ ಮುಂದೆ ನಿಲ್ಲುವ ಮೊದಲೇ ನಾಮಪತ್ರ ಪರಿಶೀಲನೆಯಲ್ಲಿ ಹೊರಬೀಳುತ್ತಾರೆ. ಕಾನೂನು ಗೊತ್ತಿಲ್ಲ ಎಂದಲ್ಲ. ದಿನವೂ ಕಕ್ಷಿದಾರರ ಅಫಿಡವಿಟ್ ಸಿದ್ಧಪಡಿಸುವವರಿಗೆ ತಮ್ಮದೇ ಅಫಿಡವಿಟ್ ಹಗುರವಾಗಿ ಕಾಣುತ್ತದೆ. ಗ್ರಾಹಕ ಆಯೋಗದಲ್ಲಿ ದೂರಿನಲ್ಲಿ ಲೋಪವಿದ್ದರೆ ಸರಿಪಡಿಸಿ ತನ್ನಿ ಎಂದು ಮುಂದಿನ ದಿನಾಂಕ ಕೊಡುತ್ತಾರೆ. ಇಲ್ಲಿ ಪರಿಶೀಲನೆ ಶುರುವಾಯಿತೆಂದರೆ ಖಾಲಿ ಬಿಟ್ಟ ಜಾಗ ತುಂಬಲು ವಾಯಿದೆ ಇಲ್ಲ.

ಅರ್ಹತೆಯ ವಿಷಯ ಚಿಕ್ಕದು. ಭಾರತದ ಪ್ರಜೆಯಾಗಿರಬೇಕು, 25 ವರ್ಷ ತುಂಬಿರಬೇಕು, ರಾಜ್ಯದ 224 ಕ್ಷೇತ್ರಗಳಲ್ಲಿ ಯಾವುದಾದರೂ ಒಂದರ ಮತದಾರರಾಗಿರಬೇಕು. ಸ್ಪರ್ಧಿಸುವ ಕ್ಷೇತ್ರದಲ್ಲೇ ನಿಮ್ಮ ಮತ ಇರಬೇಕೆಂದಿಲ್ಲ. ಬೇರೆ ಕಡೆ ಇದ್ದರೆ ಆ ಮತದಾರರ ಪಟ್ಟಿಯ ದೃಢೀಕೃತ ಪ್ರತಿಯನ್ನು ಹಾಜರುಪಡಿಸಬೇಕು. ಫೋಟೊ ಇರುವ ಗುರುತಿನ ಚೀಟಿ ತೋರಿಸಿದರೆ ಅದು ಪಟ್ಟಿಯ ಪ್ರತಿ ಆಗುವುದಿಲ್ಲ.

ಏಳು ದಿನಗಳ ಲೆಕ್ಕ

ಅಧಿಸೂಚನೆ ಹೊರಟ ಏಳನೇ ದಿನ ನಾಮಪತ್ರ ಸಲ್ಲಿಕೆಗೆ ಕೊನೆ, ಮರುದಿನ ಪರಿಶೀಲನೆ. 2023ರ ಚುನಾವಣೆಯಲ್ಲಿ ಏಪ್ರಿಲ್ 13ಕ್ಕೆ ಅಧಿಸೂಚನೆ ಬಂತು, 20 ಕೊನೆಯ ದಿನ, 21 ಪರಿಶೀಲನೆ, 24 ವಾಪಸಾತಿಗೆ ಕೊನೆ. ಸಾರ್ವಜನಿಕ ರಜೆಯಂದು ನಾಮಪತ್ರ ತೆಗೆದುಕೊಳ್ಳುವುದಿಲ್ಲ. ಉಳಿದ ದಿನಗಳಲ್ಲಿ ಸಮಯ ಬೆಳಗ್ಗೆ 11ರಿಂದ ಮಧ್ಯಾಹ್ನ 3. ಹೀಗೆ ಕಳೆದುಕೊಂಡು ಹೋದರೆ ನಿಮ್ಮ ಕೈಗೆ ನಿಜವಾಗಿ ಸಿಗುವುದು ಕೆಲವೇ ಗಂಟೆಗಳು. ಜ್ಯೋತಿಷಿ ಹೇಳಿದ ಮುಹೂರ್ತಕ್ಕೆ ಕಾದು ಕೊನೆಯ ದಿನ ಎರಡೂವರೆಗೆ ಕಚೇರಿ ಹೊಕ್ಕವರಿಗೆ ತಪ್ಪು ತಿದ್ದಿಕೊಳ್ಳಲು ಏನೂ ಉಳಿಯುವುದಿಲ್ಲ. ಮೊದಲ ಎರಡು ದಿನಗಳಲ್ಲೇ ಸಲ್ಲಿಸಿ.

ನಾಮಪತ್ರ ಕೊಡುವುದಕ್ಕಿಂತ ಕನಿಷ್ಠ ಒಂದು ದಿನ ಮೊದಲು ಚುನಾವಣಾ ವೆಚ್ಚಕ್ಕೆಂದೇ ಹೊಸ ಬ್ಯಾಂಕ್ ಖಾತೆ ತೆರೆದಿರಬೇಕು. ಮನೆಯವರ ಜೊತೆ ಜಂಟಿ ಖಾತೆ ಆಗದು. ನಿಮ್ಮ ಚುನಾವಣಾ ಏಜೆಂಟರೊಂದಿಗೆ ಜಂಟಿಯಾಗಿ ತೆರೆಯಬಹುದು. ವಕೀಲರು ಕಕ್ಷಿದಾರರ ಹಣ ಬಂದುಹೋಗುವ ಖಾತೆಯ ಸಂಖ್ಯೆಯನ್ನು ಯಾವ ಕಾರಣಕ್ಕೂ ಇಲ್ಲಿ ಬರೆಯಬಾರದು.

ವಿಧಾನಸಭೆಗೆ ನಮೂನೆ 2ಬಿ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕರು ಸಾಕು. ಪಕ್ಷೇತರರಿಗೆ ಹತ್ತು ಜನ ಬೇಕು, ಹತ್ತೂ ಜನ ಅದೇ ಕ್ಷೇತ್ರದ ಮತದಾರರಾಗಿರಬೇಕು. ಪಕ್ಕದ ಬಡಾವಣೆಯ ಸ್ನೇಹಿತ ಪಕ್ಕದ ಕ್ಷೇತ್ರದವನಾಗಿರುತ್ತಾನೆ, ಬೆಂಗಳೂರಿನಲ್ಲಿ ಇದು ಬಹಳ ಸಾಮಾನ್ಯ. ಆದ್ದರಿಂದ ಸಹಿಗೆ ಮೊದಲು ಪ್ರತಿಯೊಬ್ಬರ ಭಾಗ ಸಂಖ್ಯೆ, ಕ್ರಮ ಸಂಖ್ಯೆಯನ್ನು ಇತ್ತೀಚಿನ ಪಟ್ಟಿಯಲ್ಲಿ ಬೆರಳಿಟ್ಟು ನೋಡಿ. ಸೂಚಕರು ಹೆಬ್ಬೆಟ್ಟು ಒತ್ತುವವರಾದರೆ ಅದನ್ನು ಚುನಾವಣಾಧಿಕಾರಿ ಅಥವಾ ಗೊತ್ತುಪಡಿಸಿದ ಅಧಿಕಾರಿಯ ಎದುರಿಗೇ ಒತ್ತಬೇಕು. ಮನೆಯಲ್ಲಿ ಒತ್ತಿಸಿಕೊಂಡು ತಂದರೆ ಲೆಕ್ಕಕ್ಕಿಲ್ಲ. ಒಂದು ಕ್ಷೇತ್ರಕ್ಕೆ ನಾಲ್ಕು ನಾಮಪತ್ರಗಳವರೆಗೆ ಕೊಡಲು ಅವಕಾಶವಿದೆ, ಠೇವಣಿ ಮಾತ್ರ ಒಂದೇ. ಬೇರೆ ಬೇರೆ ಸೂಚಕರಿಂದ ಎರಡು ಸೆಟ್ ಕೊಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 5,000. ಚೆಕ್ ತೆಗೆದುಕೊಳ್ಳುವುದಿಲ್ಲ.

ಮಕ್ಕಳ ಅಂಕಣ

ಇನ್ನು ನಮೂನೆ 26, ಅಂದರೆ ಆಸ್ತಿ, ಸಾಲ, ಮೊಕದ್ದಮೆಗಳ ಅಫಿಡವಿಟ್. ನಾನು ಕಂಡ ತಪ್ಪುಗಳಲ್ಲಿ ಹೆಚ್ಚಿನವು ಇಲ್ಲೇ, ಅದರಲ್ಲೂ ಒಂದೇ ಕಡೆ. ಆಸ್ತಿಯ ಕೋಷ್ಟಕದಲ್ಲಿ ಅಭ್ಯರ್ಥಿ, ಸಂಗಾತಿ, ಹಿಂದೂ ಅವಿಭಕ್ತ ಕುಟುಂಬ, ಆಮೇಲೆ ಅವಲಂಬಿತರು 1, 2, 3 ಎಂದು ಸಾಲು ಅಂಕಣಗಳಿವೆ. ಮೊದಲ ಎರಡನ್ನು ಚೆನ್ನಾಗಿ ತುಂಬುತ್ತಾರೆ. ಅವಲಂಬಿತರ ಅಂಕಣಕ್ಕೆ ಬಂದ ಕೂಡಲೇ 'ಮಕ್ಕಳದ್ದೇನಿದೆ' ಎಂದು ಒಂದು ಅಡ್ಡಗೆರೆ ಎಳೆಯುತ್ತಾರೆ, ಇಲ್ಲವೇ ಖಾಲಿ ಬಿಡುತ್ತಾರೆ.

ಮಕ್ಕಳದ್ದು ಇರುತ್ತದೆ. ಮನೆಯ ಬೀರು ತೆಗೆದು ನೋಡಿ. ಮಗಳ ಹೆಸರಿನ ಸುಕನ್ಯಾ ಸಮೃದ್ಧಿ ಪಾಸ್‌ಬುಕ್, ಅಜ್ಜಿ ಮೊಮ್ಮಗನ ಹೆಸರಿಗೆ ಇಟ್ಟ ಎಫ್‌ಡಿ, ಪೋಸ್ಟಾಫೀಸಿನ ಆರ್‌ಡಿ, ಮಕ್ಕಳ ಹೆಸರಿನ ಎಲ್‌ಐಸಿ ಪಾಲಿಸಿ, ನಾಮಕರಣದಲ್ಲಿ ಬಂದ ಸರ, ಬಳೆ, ಕಾಲುಗೆಜ್ಜೆ. ಒಡವೆಯ ತೂಕ ಮತ್ತು ಬೆಲೆ ಎರಡನ್ನೂ ಬರೆಯಬೇಕು. ಇಂಜಿನಿಯರಿಂಗ್ ಓದುವ ಮಗನಿಗೆ ಶಿಕ್ಷಣ ಸಾಲ ತೆಗೆದಿದ್ದರೆ ಅದು ಸಾಲದ ಪಟ್ಟಿಗೆ. ಅವಲಂಬಿತರು ಎಂದರೆ ಚಿಕ್ಕ ಮಕ್ಕಳಷ್ಟೇ ಅಲ್ಲ. ಸ್ವಂತ ಆದಾಯವಿಲ್ಲದೆ ಜೀವನಕ್ಕೆ ನಿಮ್ಮನ್ನೇ ನೆಚ್ಚಿರುವ ತಂದೆ ತಾಯಿ, ದೊಡ್ಡ ಮಕ್ಕಳು, ರಕ್ತಸಂಬಂಧ ಅಥವಾ ಮದುವೆಯಿಂದ ಬಂದ ಬೇರೆ ನೆಂಟರೂ ಇದರಲ್ಲಿ ಬರುತ್ತಾರೆ. ಊರಿನಲ್ಲಿರುವ ತಾಯಿಗೆ ನೀವು ತಿಂಗಳು ತಿಂಗಳು ಹಣ ಕಳಿಸುತ್ತಿದ್ದು, ಅವರಿಗೆ ಬೇರೆ ಆದಾಯ ಇಲ್ಲದಿದ್ದರೆ ಅವರ ಹೆಸರಿನ ಪಹಣಿಯ ಜಮೀನೂ ಬರೆಯಬೇಕಾಗುತ್ತದೆ. ಅವರು ಪಿಂಚಣಿದಾರರಾದರೆ ಮಾತು ಬೇರೆ.

ನಿಜವಾಗಿಯೂ ಏನೂ ಇಲ್ಲವೇ? ಆಗ 'ಇಲ್ಲ' ಅಥವಾ 'ಅನ್ವಯಿಸುವುದಿಲ್ಲ' ಎಂದು ಅಕ್ಷರದಲ್ಲಿ ಬರೆಯಿರಿ. ಪ್ರತಿ ಅಂಕಣದಲ್ಲೂ, ಪ್ರತಿ ಪುಟದಲ್ಲೂ. ಗೆರೆಯನ್ನು ನೆಚ್ಚಬೇಡಿ. ಅಂಕಣ ಖಾಲಿ ಬಿಟ್ಟ ಅಫಿಡವಿಟ್ ಮತದಾರರ ತಿಳಿಯುವ ಹಕ್ಕಿಗೆ ಭಂಗ ತರುತ್ತದೆ, ತಿಳಿಸಿದ ಮೇಲೂ ತುಂಬದಿದ್ದರೆ ನಾಮಪತ್ರ ತಿರಸ್ಕರಿಸಬಹುದು ಎಂದು ಸುಪ್ರೀಂ ಕೋರ್ಟ್ 2013ರ ರಿಸರ್ಜೆನ್ಸ್ ಇಂಡಿಯಾ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಕೊರತೆಗಳನ್ನು ಗುರುತಿಸಿದ ತಪಾಸಣಾ ಪಟ್ಟಿಯೊಂದನ್ನು ನಾಮಪತ್ರ ಕೊಟ್ಟಾಗಲೇ ನಿಮ್ಮ ಕೈಗಿಡುತ್ತಾರೆ. ಅದನ್ನು ಜೇಬಿಗೆ ಹಾಕಿಕೊಂಡು ಮೆರವಣಿಗೆಗೆ ಹೋಗಬೇಡಿ. ಪರಿಶೀಲನೆ ಆರಂಭವಾಗುವ ಮೊದಲು ಪೂರ್ಣವಾದ ಹೊಸ ಅಫಿಡವಿಟ್ ಕೊಡಲು ಅವಕಾಶವಿದೆ.

ಗೆದ್ದ ಮೇಲೂ ಈ ಅಂಕಣ ಬೆನ್ನು ಬಿಡುವುದಿಲ್ಲ. ಪತ್ನಿಯ ಆಸ್ತಿ ಮುಚ್ಚಿಟ್ಟದ್ದೂ ಸೇರಿ ವಿವರ ಬಚ್ಚಿಟ್ಟ ಮಹಾರಾಷ್ಟ್ರದ ಶಾಸಕರೊಬ್ಬರ ಆಯ್ಕೆ ಅಸಿಂಧುವಾದದ್ದನ್ನು ಸುಪ್ರೀಂ ಕೋರ್ಟ್ 2014ರಲ್ಲಿ ಎತ್ತಿಹಿಡಿಯಿತು. ಮನೆಯ ಪ್ರತಿಯೊಂದು ಸಣ್ಣ ವಸ್ತುವನ್ನೂ ಬರೆಯಬೇಕಿಲ್ಲ ಎಂದು ಅದೇ ನ್ಯಾಯಾಲಯ 2024ರಲ್ಲಿ ಅರುಣಾಚಲದ ಪ್ರಕರಣವೊಂದರಲ್ಲಿ ಹೇಳಿರುವುದು ನಿಜ. ಆದರೆ ಯಾವುದು ಸಣ್ಣದು ಎಂದು ತೀರ್ಮಾನವಾಗುವುದು ವರ್ಷಗಳ ಮೊಕದ್ದಮೆಯ ನಂತರ. ಬರೆದುಬಿಡುವುದೇ ಲೇಸು.

ಗ್ರಾಹಕರ ಪರ ಕೆಲಸ ಮಾಡುವವರು ಮರೆಯುವ ಇನ್ನೊಂದು ಸಾಲಿದೆ. ನೀವೇ ದೂರುದಾರರಾಗಿ ಗೆದ್ದು, ಇನ್ನೂ ಕೈಸೇರದ ಪರಿಹಾರದ ಹಣವಿದ್ದರೆ ಅದು ಕ್ಲೇಮುಗಳ ಸಾಲಿನಲ್ಲಿ ಬರಬೇಕು. ಹೋರಾಟಗಳಲ್ಲಿ ರಸ್ತೆ ತಡೆದಿರಿ ಎಂದು ಹಾಕಿದ ಎಫ್‌ಐಆರ್ ಬಾಕಿ ಇದ್ದರೆ ಅದನ್ನೂ ಠಾಣೆಯ ಹೆಸರು, ಸಂಖ್ಯೆ, ಕಲಂ ಸಮೇತ ಬರೆಯಿರಿ. ಹಳೆಯದಾಯಿತು, ಮುಗಿದಿರಬಹುದು ಎಂಬ ಊಹೆ ಬೇಡ, ಠಾಣೆಯಲ್ಲಿ ವಿಚಾರಿಸಿ. ಕ್ರಿಮಿನಲ್ ಪ್ರಕರಣವಿದ್ದರೆ ಅದನ್ನು ಪತ್ರಿಕೆ ಮತ್ತು ಟಿವಿಯಲ್ಲಿ ಮೂರು ಬಾರಿ ಪ್ರಕಟಿಸುವ ಹೊಣೆಯೂ ನಿಮ್ಮದೇ. ಸುಳ್ಳು ಬರೆದರೆ ಅಥವಾ ಮುಚ್ಚಿಟ್ಟರೆ ಆರು ತಿಂಗಳವರೆಗೆ ಸಜೆ, ದಂಡ ಅಥವಾ ಎರಡೂ.

ಪ್ರಮಾಣವಚನ, ವೃತ್ತಿ, ಪ್ರಚಾರ

ನಾಮಪತ್ರ ಕೊಟ್ಟ ಮೇಲೆ ಚುನಾವಣಾಧಿಕಾರಿಯ ಎದುರು ಪ್ರಮಾಣವಚನ ಸ್ವೀಕರಿಸಿ ಸಹಿ ಹಾಕಬೇಕು. ಇದು ಪರಿಶೀಲನೆಯ ಹಿಂದಿನ ದಿನದೊಳಗೆ ಮುಗಿದಿರಬೇಕು, ಪರಿಶೀಲನೆಯ ದಿನ ಬೆಳಗ್ಗೆ ಬಂದರೆ ತಡವಾಯಿತು. ನಾಮಪತ್ರವನ್ನು ಸೂಚಕರ ಕೈಲಿ ಕಳಿಸಿಕೊಡುವವರು ಇದನ್ನು ಮರೆಯುತ್ತಾರೆ.

ಸರ್ಕಾರದ ಸಂಬಳದ ಹುದ್ದೆಯಲ್ಲಿದ್ದರೆ, ಉದಾಹರಣೆಗೆ ಜಿಲ್ಲಾ ಗ್ರಾಹಕ ಆಯೋಗದ ಸದಸ್ಯರಾಗಿದ್ದರೆ, ರಾಜೀನಾಮೆ ಕೊಟ್ಟರಷ್ಟೇ ಸಾಲದು, ಅಂಗೀಕಾರದ ಪತ್ರ ನಾಮಪತ್ರಕ್ಕೆ ಮೊದಲೇ ಕೈಯಲ್ಲಿರಲಿ. ಕರಪತ್ರದಲ್ಲಿ 'ಗ್ರಾಹಕರ ಪರ ವಕೀಲ' ಎಂದು ಪರಿಚಯಿಸಿಕೊಳ್ಳುವುದಕ್ಕೂ 'ನಿಮ್ಮ ಕೇಸಿಗೆ ನಮ್ಮ ಕಚೇರಿಗೆ ಬನ್ನಿ' ಎನ್ನುವುದಕ್ಕೂ ವ್ಯತ್ಯಾಸವಿದೆ. ಎರಡನೆಯದು ವಕೀಲರ ಜಾಹೀರಾತಿಗೆ ಬಾರ್ ಕೌನ್ಸಿಲ್ ಹಾಕಿರುವ ನಿಷೇಧಕ್ಕೆ ಸಿಲುಕುತ್ತದೆ. ಪ್ರತಿ ಕರಪತ್ರದ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಕಡ್ಡಾಯ.

ನಿಮ್ಮ ಮಕ್ಕಳನ್ನು ಪ್ರಚಾರಕ್ಕೆ ಇಳಿಸಬೇಡಿ. ಕರಪತ್ರ ಹಂಚಿಸುವುದು, ಘೋಷಣೆ ಕೂಗಿಸುವುದು, ಹಾಡಿಸುವುದು ಎಲ್ಲವನ್ನೂ ಚುನಾವಣಾ ಆಯೋಗ 2024ರ ಫೆಬ್ರುವರಿಯಲ್ಲಿ ಕಟ್ಟುನಿಟ್ಟಾಗಿ ನಿಷೇಧಿಸಿದೆ. ಮಕ್ಕಳ ಹಕ್ಕಿನ ಮಾತಾಡುವ ಅಭ್ಯರ್ಥಿಯೇ ಇದನ್ನು ಮುರಿದರೆ ನೋಡಲು ಸಂಕಟವಾಗುತ್ತದೆ.

ವೆಚ್ಚದ ವಿಷಯ ಚುಟುಕಾಗಿ. ಕರ್ನಾಟಕದಲ್ಲಿ 2022ರಿಂದ ಮಿತಿ 40 ಲಕ್ಷ ರೂಪಾಯಿ. ನಾಮಪತ್ರ ಸಲ್ಲಿಸಿದ ದಿನದಿಂದ ಫಲಿತಾಂಶದ ದಿನದವರೆಗಿನ ಖರ್ಚು ಲೆಕ್ಕಕ್ಕೆ ಬರುತ್ತದೆ, ಎಲ್ಲವೂ ಆ ಹೊಸ ಖಾತೆಯ ಮೂಲಕವೇ ಹೋಗಬೇಕು. ಚಹಾ, ಶಾಮಿಯಾನ, ಆಟೊ ಬಾಡಿಗೆಯ ರಸೀದಿಯನ್ನೂ ಇಟ್ಟುಕೊಳ್ಳಿ. ಫಲಿತಾಂಶ ಬಂದ 30 ದಿನದೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಲೆಕ್ಕ ಕೊಡದಿದ್ದರೆ ಮೂರು ವರ್ಷ ಅನರ್ಹತೆ. ಸೋತವರೂ ಠೇವಣಿ ಕಳೆದುಕೊಂಡವರೂ ಲೆಕ್ಕ ಕೊಡಲೇಬೇಕು.