ಬೋರು ಹೊಡಿಸೋ ಮೊದಲು: ಕರ್ಜಗಿಯ ಹೊಲ, ಕೆಜಿ-ಡಿ6ರ ಕಡಲು

ಕರ್ಜಗಿ ಕಡೆ ಬೋರು ಹೊಡಿಸೋ ಮೊದಲು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುವವರನ್ನು ಕರೆಸುವುದುಂಟು. ಕಾಯಿ ಎದ್ದು ನಿಂತಲ್ಲಿಗೆ ರಿಗ್ ಬರುತ್ತದೆ. ಬರೀ ಧೂಳು ಬಂದರೂ ಅಡಿ ಲೆಕ್ಕದಲ್ಲಿ ದುಡ್ಡು ಕೊಡಲೇಬೇಕು. ನೀರು ಬಿದ್ದರೂ ಎರಡು ಬೇಸಿಗೆಗೆ ಬತ್ತಬಹುದು. ಯಾಕಂದ್ರೆ ನಮ್ಮದು ಗಟ್ಟಿ ಕಲ್ಲಿನ ನೆಲ, ನೀರು ಇರೋದು ಬಿರುಕುಗಳಲ್ಲಿ. ಆ ಬಿರುಕು ಎಷ್ಟು ದೂರ ಹೋಗಿದೆ ಅನ್ನೋದು ಮೇಲಿಂದ ಕಾಣಲ್ಲ.

ಪೆಟ್ರೋಲಿಯಂ ಕಂಪನಿಗಳ ತಲೆನೋವೂ ಇದೇ. ತೈಲ, ಅನಿಲ ನೆಲದಡಿ ಕೆರೆಯ ಹಾಗೆ ನಿಂತಿರಲ್ಲ, ಹೆಚ್ಚಾಗಿ ಮರಳುಗಲ್ಲು, ಸುಣ್ಣಗಲ್ಲುಗಳ ಸಣ್ಣ ರಂಧ್ರಗಳಲ್ಲಿ ಇರುತ್ತವೆ. ರಂಧ್ರ ಎಷ್ಟಿವೆ ಅನ್ನೋದು ಪೊರಾಸಿಟಿ. ಅವುಗಳ ಮೂಲಕ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನೋದು ಪರ್ಮಿಯಬಿಲಿಟಿ. ಇದನ್ನೆಲ್ಲ ಅಳೆದು ನೆಲದಡಿಯ ಚಿತ್ರ ಕಟ್ಟುವುದೇ ರಿಸರ್ವಾಯರ್ ಕ್ಯಾರೆಕ್ಟರೈಸೇಷನ್. ಸೀಸ್ಮಿಕ್ ಅಲೆಗಳಿಂದ ದೊಡ್ಡ ಪದರಗಳು ಗೊತ್ತಾಗುತ್ತವೆ. ನಡುವೆ ಇರುವ ತೆಳು ಜೇಡಿ ಪದರ ಕೆಲವೊಮ್ಮೆ ತಪ್ಪಿಸಿಕೊಳ್ಳುತ್ತದೆ. ಒಂದೇ ದೊಡ್ಡ ಕೋಣೆ ಅಂದುಕೊಂಡಿದ್ದನ್ನು ಹತ್ತು ಗೂಡು ಮಾಡಿಬಿಡುವುದು ಅದೇ! ಹಾಗಾಗಿ ಬಾವಿಗೆ ಉಪಕರಣ ಇಳಿಸಿ ಲಾಗಿಂಗ್ ಮಾಡುತ್ತಾರೆ, ಕಲ್ಲಿನ ತುಂಡು ತೆಗೆದು ಲ್ಯಾಬ್‌ನಲ್ಲಿ ನೋಡುತ್ತಾರೆ.

ಎಷ್ಟು ಬಾವಿ, ಎಷ್ಟು ದೊಡ್ಡ ಪೈಪ್‌ಲೈನ್, ಎಷ್ಟು ಸಾಲ ಅನ್ನೋದೆಲ್ಲ ಈ ಚಿತ್ರದ ಮೇಲೆ ನಿಂತಿದೆ. ಕಾಕಿನಾಡದಾಚೆ ಬಂಗಾಳ ಕೊಲ್ಲಿಯಲ್ಲಿರುವ ರಿಲಯನ್ಸ್‌ನ ಕೆಜಿ-ಡಿ6 ನೋಡಿ. 2002ರಲ್ಲಿ ಅನಿಲ ಸಿಕ್ಕಿತು. ದಿನಕ್ಕೆ 8 ಕೋಟಿ ಘನ ಮೀಟರ್ ತೆಗೆಯುವ ಯೋಜನೆ, ಅದಕ್ಕೆ ತಕ್ಕ ಸಾವಿರಾರು ಕೋಟಿ ಖರ್ಚು. 2009ರ ಏಪ್ರಿಲ್‌ನಲ್ಲಿ ಉತ್ಪಾದನೆ ಶುರು. 2010ರಲ್ಲಿ 6 ಕೋಟಿ ಆಸುಪಾಸು ಮುಟ್ಟಿ ಇಳಿಯತೊಡಗಿತು, 2013ರ ಕೊನೆಗೆ ಒಂದೂವರೆ ಕೋಟಿಗಿಂತ ಕೆಳಗೆ. ಮುಖ್ಯ ಕ್ಷೇತ್ರಗಳಲ್ಲಿ ತೆಗೆಯಬಹುದಾದ ಅನಿಲದ ಅಂದಾಜು 10 ಟ್ರಿಲಿಯನ್ ಘನ ಅಡಿಯಿಂದ 3ರ ಹತ್ತಿರಕ್ಕೆ ಬಂತು. ನೆಲದಡಿಯ ರಚನೆ ಅಂದುಕೊಂಡದ್ದಕ್ಕಿಂತ ಜಟಿಲ, ಒತ್ತಡ ಕುಸಿಯಿತು ಅಂತ ಕಂಪನಿ. ಹೇಳಿದಷ್ಟು ಬಾವಿ ಕೊರೆದಿಲ್ಲ ಅಂತ ಸರ್ಕಾರ. ಜಗಳ ಮಧ್ಯಸ್ಥಿಕೆಗೆ ಹೋಯಿತು. ಯಾರ ಮಾತು ಸರಿಯೋ, ಖರ್ಚು ಮಾಡಿದ ದುಡ್ಡಂತೂ ಸಮುದ್ರದಡಿ ಕೂತಿತ್ತು. ಆ ಕ್ಷೇತ್ರಗಳು 2020ರ ಫೆಬ್ರವರಿಯಲ್ಲಿ ನಿಂತವು. ಅದೇ ಬ್ಲಾಕಿನ ಆರ್-ಕ್ಲಸ್ಟರ್ ಅದೇ ವರ್ಷದ ಡಿಸೆಂಬರ್‌ನಲ್ಲಿ ಶುರುವಾಯಿತು.

ಕಂಪನಿ ಒಂದು ಬಾವಿ ಸೋತರೆ ಇನ್ನೊಂದರಲ್ಲಿ ತುಂಬಿಕೊಳ್ಳಬಹುದು. ರೈತನಿಗೆ ಇರೋದು ಒಂದೋ ಎರಡೋ ಬೋರು, ಅದೂ ಸಾಲದ್ದು. ರೆಸಿಸ್ಟಿವಿಟಿ ಸರ್ವೆಯಲ್ಲಿ ನೆಲಕ್ಕೆ ಕರೆಂಟ್ ಹರಿಸಿ ವೋಲ್ಟೇಜ್ ಅಳೆಯುತ್ತಾರೆ. ನೀರಿರುವ ಬಿರುಕುಗಲ್ಲು ಸಾಮಾನ್ಯವಾಗಿ ಕಡಿಮೆ ರೋಧ ತೋರಿಸುತ್ತದೆ. ಲೆಕ್ಕ ನಮ್ಮ ಓಮ್ ನಿಯಮದ್ದೇ. ಆದರೆ ಅದು ಜಾಗ ಸೂಚಿಸುತ್ತದೆ ಅಷ್ಟೇ, ನೀರು ಎಷ್ಟು ದಿನ ಬರುತ್ತದೆ ಅಂತ ಹೇಳಲ್ಲ. ಅದಕ್ಕೆ ತೈಲಬಾವಿಯ ಹಾಗೆ ಬೋರಿಗೂ ಪರೀಕ್ಷೆ ಇದೆ: ಗಂಟೆಗಟ್ಟಲೆ ಮೋಟರ್ ಓಡಿಸಿ ಮಟ್ಟ ಎಷ್ಟು ಇಳಿಯಿತು, ಆರಿಸಿದ ಮೇಲೆ ಎಷ್ಟು ಹೊತ್ತಿಗೆ ಏರಿತು ಅಂತ ಬರೆದಿಡೋದು. ಪೈಪು, ಡ್ರಿಪ್‌ಗೆ ಮತ್ತೆ ಸಾಲ ತಗೊಳ್ಳೋ ಮೊದಲೇ.