ಒಳಗಿನ ಚಿಲಕ ನಿಮ್ಮ ಕೈಯಲ್ಲಿರಲಿ

ದಢೇಸುಗೂರಿನ ಮಕ್ಕಳೇ, ಮನಸ್ಸು ಓದುವ ಯಂತ್ರದ ಥ್ರಿಲ್ಲರ್‌ಗಳನ್ನು ನೀವು ನಿದ್ದೆಗೆಟ್ಟು ನೋಡುತ್ತೀರಿ. ನೋಡಿ, ತಪ್ಪಿಲ್ಲ. ಆದರೆ ಅದು ಯಾವುದೋ ದೇಶದ, ಇನ್ನೂ ಬಾರದ ಕಾಲದ ಕಥೆ ಅಂದುಕೊಳ್ಳಬೇಡಿ. ಅದರ ಒಂದು ಅಧ್ಯಾಯ ನಮ್ಮ ಬೆಂಗಳೂರಿನಲ್ಲೇ ನಡೆದುಹೋಗಿದೆ.

ನೀವು ಹುಟ್ಟುವ ಹೊತ್ತಿಗೆ ಪೊಲೀಸ್ ತನಿಖೆಯಲ್ಲಿ ಮಂಪರು ಪರೀಕ್ಷೆಯದೇ ಮಾತು. ಆರೋಪಿಗೆ ಸೋಡಿಯಂ ಪೆಂಟೋಥಾಲ್ ಚುಚ್ಚಿ, ಅರೆಎಚ್ಚರದಲ್ಲಿ ಮಾತಾಡಿಸುತ್ತಿದ್ದರು. ಬ್ರೇನ್ ಮ್ಯಾಪಿಂಗ್ ಇನ್ನೂ ಒಂದು ಹೆಜ್ಜೆ ಮುಂದೆ: ತಲೆಗೆ ವಿದ್ಯುದ್ವಾರ ಅಂಟಿಸಿ, ಚಿತ್ರವನ್ನೋ ಮಾತನ್ನೋ ಮುಂದಿಟ್ಟು, ಅದು ಪರಿಚಿತವಾಗಿದ್ದರೆ ಸುಮಾರು 300 ಮಿಲಿಸೆಕೆಂಡಿನಲ್ಲಿ ಮಿದುಳಿನಲ್ಲಿ ಏಳುವ ಅಲೆಯನ್ನು ಹಿಡಿಯುವುದು. ಬಾಯಿ ಮುಚ್ಚಿಕೊಂಡಿದ್ದರೂ ಮಿದುಳೇ ಸಾಕ್ಷಿ ಹೇಳಲಿ ಎಂಬುದು ಅದರ ಲೆಕ್ಕ. ಒಲ್ಲೆನೆಂದವರಿಗೂ ಈ ಪರೀಕ್ಷೆ ಮಾಡಬಹುದೇ? ಮಾಡಬಹುದು ಎಂದಿತ್ತು 2004ರಲ್ಲಿ ಕರ್ನಾಟಕ ಹೈಕೋರ್ಟ್. ಪ್ರಶ್ನೆ ದೆಹಲಿಗೆ ಹೋಯಿತು. 2010ರ ಮೇ 5ರಂದು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ಮಂಪರು, ಸುಳ್ಳು ಪತ್ತೆ, ಬ್ರೇನ್ ಮ್ಯಾಪಿಂಗ್ ಯಾವುದನ್ನೂ ಯಾರ ಮೇಲೂ ಬಲವಂತದಿಂದ ಮಾಡುವಂತಿಲ್ಲ. ಸಂವಿಧಾನದ 20(3) ಮತ್ತು 21ನೇ ವಿಧಿಗಳು ಅದಕ್ಕೆ ಅಡ್ಡ ನಿಂತಿವೆ.

ಆ ತೀರ್ಪಿನಲ್ಲಿ ನೀವು ನೆನಪಿಡಬೇಕಾದ ಇನ್ನೊಂದು ಮಾತಿದೆ. ಸ್ವಂತ ಇಚ್ಛೆಯಿಂದ ಒಪ್ಪಿದವರ ವಿಷಯದಲ್ಲೂ ಕೋರ್ಟು ಅವಸರ ಮಾಡಲಿಲ್ಲ. ಒಪ್ಪುವವನಿಗೆ ವಕೀಲರ ನೆರವು ಸಿಗಬೇಕು, ಪರೀಕ್ಷೆಯಿಂದ ದೇಹಕ್ಕೆ, ಮನಸ್ಸಿಗೆ, ಕೇಸಿಗೆ ಏನಾಗುತ್ತದೆಂದು ತಿಳಿಸಿ ಹೇಳಬೇಕು, ಒಪ್ಪಿಗೆ ಮ್ಯಾಜಿಸ್ಟ್ರೇಟರ ಮುಂದೆ ದಾಖಲಾಗಬೇಕು ಎಂಬ ಕಟ್ಟಳೆಗಳನ್ನು ಹಾಕಿತು. ಕೊಲೆ ಆರೋಪಿಯ ಒಪ್ಪಿಗೆಗೂ ಇಷ್ಟು ಬೆಲೆ. ನೀವೋ, ಹೊಸ ಆ್ಯಪ್ ಹಾಕಿಕೊಂಡು, ಒಂದು ಸಾಲೂ ಓದದೆ, ಹೆಬ್ಬೆರಳಲ್ಲಿ ಒತ್ತಿ ಒಪ್ಪಿಬಿಡುತ್ತೀರಿ.

ಯಂತ್ರ ಎಲ್ಲಿಯವರೆಗೆ ಬಂದಿದೆ ಎಂಬುದೂ ತಿಳಿದಿರಲಿ. 2023ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು, ಸ್ಕ್ಯಾನರ್‌ನಲ್ಲಿ ಮಲಗಿದವನು ಕೇಳುತ್ತಿದ್ದ ಕಥೆಯ ಸಾರಾಂಶವನ್ನು ಮಿದುಳಿನ ರಕ್ತಚಲನೆಯಿಂದಲೇ ಬರಹಕ್ಕೆ ಇಳಿಸಿದರು. ಅದಕ್ಕೆ ಮೊದಲು ಆ ವ್ಯಕ್ತಿ 16 ಗಂಟೆ ಯಂತ್ರದೊಳಗೆ ಮಲಗಿ ಅದಕ್ಕೆ ಕಲಿಸಬೇಕಾಯಿತು. ಒಬ್ಬನಿಂದ ಕಲಿತದ್ದು ಇನ್ನೊಬ್ಬನ ಮೇಲೆ ನಡೆಯಲಿಲ್ಲ. ಮನಸ್ಸಿನಲ್ಲೇ ಬೇರೆ ಕಥೆ ಹೇಳಿಕೊಂಡರೆ ಯಂತ್ರ ಸೋಲುತ್ತಿತ್ತು. ಅಂದರೆ ಇಂದಿಗೂ ಮನಸ್ಸಿನ ಬಾಗಿಲಿಗೆ ಚಿಲಕ ಇರುವುದು ಒಳಗಡೆಯೇ. ಒಳಗಿದ್ದವರು ತೆಗೆಯದೆ ಅದು ತೆರೆಯದು.

ಹಾಗಾದರೆ ಭಯ ಯಾತಕ್ಕೆ? ಚಿಲಕವನ್ನು ನಾವೇ ತೆಗೆದಿಡುತ್ತಿದ್ದೇವೆ, ಅದಕ್ಕೆ. ನಡುರಾತ್ರಿ ನೀವು ಏನು ಹುಡುಕಿದಿರಿ, ಯಾರ ಫೋಟೋದ ಮೇಲೆ ಬೆರಳು ತಡೆದು ನಿಂತಿತು, ಬೆಳೆ ಕೈಕೊಟ್ಟ ವರ್ಷ ಎಷ್ಟು ಸಾಲಕ್ಕೆ ತಡಕಾಡಿದಿರಿ, ಇಷ್ಟು ಗೊತ್ತಾದರೆ ತಲೆಗೆ ತಂತಿ ಅಂಟಿಸುವ ಅಗತ್ಯವೇ ಇಲ್ಲ. ಬಿತ್ತನೆ ಹೊತ್ತಿಗೆ ಕೈ ಖಾಲಿಯಾದಾಗ ಐದು ನಿಮಿಷದಲ್ಲಿ ಸಾಲ ಕೊಡುವ ಆ್ಯಪ್, ನಿಮ್ಮ ಫೋನಿನಲ್ಲಿರುವ ನಂಬರುಗಳನ್ನೂ ಫೋಟೋಗಳನ್ನೂ ಕೇಳಿದರೆ ಕೊಡಬೇಡಿ. ಕಂತು ತಪ್ಪಿದ ದಿನ ಅವೇ ನಿಮ್ಮನ್ನು ನಾಲ್ಕು ಮಂದಿಯ ಮುಂದೆ ತಲೆ ತಗ್ಗಿಸುವಂತೆ ಮಾಡುವ ಆಯುಧಗಳಾಗುತ್ತವೆ. ಸಾಲದ ಆ್ಯಪ್‌ಗಳು ಫೋನಿನ ನಂಬರುಪಟ್ಟಿ, ಫೋಟೋ, ಕರೆಗಳ ದಾಖಲೆಗೆ ಕೈ ಹಾಕಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಕೇಳಿತೆಂದರೆ ಅದು ಕಟ್ಟಳೆ ಮೀರಿದ ಆ್ಯಪ್ ಎಂದೇ ತಿಳಿಯಿರಿ.

ಬಚ್ಚಿಡುವಂಥದ್ದು ನಮ್ಮ ಹತ್ತಿರ ಏನಿದೆ ಎನ್ನುವ ಹುಡುಗರಿಗೆ ಮಸ್ಕಿ ತೋರಿಸುತ್ತೇನೆ. 1915ರಲ್ಲಿ ಬೆಳಕಿಗೆ ಬಂದ ಅಲ್ಲಿನ ಬಂಡೆಯ ಶಾಸನದಲ್ಲಿ ದೇವಾನಾಂಪ್ರಿಯನೆಂಬ ಬಿರುದಿನ ಜೊತೆಗೆ ಅಶೋಕನ ಹೆಸರೇ ಇದೆ. ಲೋಕಕ್ಕೆ ಯಾವ ಮಾತು ತಿಳಿಯಬೇಕೆಂದು ಅವನೇ ಆರಿಸಿ ಕೆತ್ತಿಸಿದ. ಚಕ್ರವರ್ತಿಗಿದ್ದ ಆ ಆಯ್ಕೆ ಭತ್ತದ ಗದ್ದೆಯಲ್ಲಿ ನಾಟಿ ಹಚ್ಚುವ ಹೆಣ್ಣುಮಗಳಿಗೂ ಇದೆ, ಕಾನೂನೇ ಅದನ್ನು ಒಪ್ಪಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, 86ರ ವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅದೇ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ವಯಸ್ಸಿನಲ್ಲಿ ಒಬ್ಬ ಹಿರಿಯರು ಹೋರಾಡಿ ತಂದುಕೊಟ್ಟ ಹಕ್ಕನ್ನು ಇಪ್ಪತ್ತರ ಹರೆಯದಲ್ಲಿ ನೀವು ಪುಕ್ಕಟೆ ಚೆಲ್ಲಬಾರದು.

ಈಗ ನೀವು ಮಾಡಬೇಕಾದದ್ದು. ಯಾವ ಆ್ಯಪ್‌ಗೆ ಮೈಕು, ಕ್ಯಾಮೆರಾ, ಲೊಕೇಶನ್ ಕೊಟ್ಟಿದ್ದೀರೆಂದು ಫೋನಿನ ಸೆಟ್ಟಿಂಗ್ಸ್‌ನಲ್ಲಿ ನೋಡಿ, ಬೇಡದ್ದನ್ನು ಕಿತ್ತುಹಾಕಿ. 2023ರ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ ಒಪ್ಪಿಗೆಯ ಕೋರಿಕೆಯನ್ನು ಕನ್ನಡದಲ್ಲೇ ಕೇಳಿ ಓದುವ ಹಕ್ಕಿದೆ, ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯುವ ಹಕ್ಕೂ ಇದೆ. ಅದು ಹಂತ ಹಂತವಾಗಿ ಜಾರಿಗೆ ಬರುತ್ತಿದೆ, ಬಂದಂತೆಲ್ಲ ಬಳಸಿ.

ಕೊನೆಯದು, ಮುಖ್ಯವಾದದ್ದು. ತಂಗಿಯ ಫೋನು, ಹೆಂಡತಿಯ ಪಾಸ್‌ವರ್ಡು, ಗೆಳೆಯನ ಮೆಸೇಜು, ಇವಕ್ಕೆ ಕೈ ಹಾಕಬೇಡಿ. ಪ್ರೀತಿಯ ಹೆಸರಲ್ಲಿ ಇಣುಕುವುದೂ ಇಣುಕುವುದೇ. ಇನ್ನೊಬ್ಬರು ತಾವಾಗಿ ಹೇಳುವವರೆಗೆ ಕಾಯುವುದನ್ನು ಮನೆಯಲ್ಲಿ ಕಲಿತವನೇ ನಾಳೆ ಕಂಪನಿಗೂ ಸರ್ಕಾರಕ್ಕೂ ಎದೆಯೆತ್ತಿ ‘ನನ್ನನ್ನು ಕೇಳಿ, ಆಮೇಲೆ ಮುಟ್ಟಿ’ ಎನ್ನಬಲ್ಲ. ನೀವು ಹಾಗೆ ಹೇಳುವವರಾಗಿ ಬೆಳೆಯಿರಿ.